ಜಲಪೆಟ್ಟಿಗೆಯೋ, ಜೌಗುಪೆಟ್ಟಿಗೆಯೋ?

ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಂದನ್ನಿರಿಸಿ ಮೀನುಗಳನ್ನು ಸಾಕುವ ಅಭಿರುಚಿಯು ದೊಡ್ಡ ನಗರಗಳನ್ನು ದಾಟಿ ನಮ್ಮ ಚನ್ನಗಿರಿ, ಹೊನ್ನಾಳಿಗಳಂತಹ ಊರುಗಳಿಗೂ ಬಂದಿದೆ. ಈಗ ಅದರೊಡನೆ ಮತ್ತೊಂದು ಬಗೆಯೂ ಸೇರಿಕೊಂಡಿದೆ. ಇದರಲ್ಲಿ ಪೆಟ್ಟಿಗೆಯ ತುಂಬ ನೀರಿರುವುದಿಲ್ಲ. ಒಂದು ಪಾಲು ನೀರು, ಮಿಕ್ಕ ಪಾಲು ಕಲ್ಲು, ಮಣ್ಣು, ಹಾವಸೆ ಮತ್ತು ಗಿಡಗಳು. ಪಾಶ್ಚಾತ್ಯರು ಇದಕ್ಕೆ ಪಲುಡೇರಿಯಂ ಎಂದು ಹೆಸರಿಟ್ಟಿರುವರು. ಲ್ಯಾಟಿನ್ ಭಾಷೆಯಲ್ಲಿ ‘ಪಲುಸ್’ ಎಂದರೆ ಜೌಗು. ಮಕ್ಕಳು ಹಟ ಹಿಡಿದಾಗ ಇವೆರಡರಲ್ಲಿ ಯಾವುದನ್ನು ತರಬೇಕೆಂಬುದು ಗೃಹಸ್ಥನ ಪ್ರಶ್ನೆ. ಅಂದವನ್ನು ಮಾತ್ರ ನೋಡಿ ಉತ್ತರ ಹೇಳುವುದು ಉಚಿತವಲ್ಲ. ಏಕೆಂದರೆ ಅದರೊಳಗೆ ಮೂಕಜೀವಗಳು ಬಾಳಬೇಕಾಗಿದೆ.

ಜಲಚರಗಳಲ್ಲಿ ವಿನೋದಪಡುವುದು ನಮ್ಮವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಉಂಟು. ಆದರೆ ಅದು ಗಾಳ ಹಾಕಿ ಮೀನು ಹಿಡಿಯುವ ವಿನೋದ. ಗಾಜಿನ ಪೆಟ್ಟಿಗೆಯ ಶಾಸ್ತ್ರವು ಇಂಗ್ಲೆಂಡಿನಲ್ಲಿ ಬೆಳೆದುದು. ವಾರ್ಡ್ ಎಂಬ ವೈದ್ಯನು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಜರಿಗಿಡಗಳು ಬದುಕುವುದನ್ನು ಕಂಡು, 1842ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಮೀನು, ಬಸವನಹುಳು, ನೀರುಗಿಡ ಇವು ಒಂದಕ್ಕೊಂದು ಆಸರೆಯಾಗಿ ಒಂದೇ ಪಾತ್ರೆಯಲ್ಲಿ ಬಾಳುವುದನ್ನು ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು 1850ರಲ್ಲಿ ವಿವರಿಸಿದನು. ಮೊದಲಿನವನ ಗಿಡದ ಪೆಟ್ಟಿಗೆಯನ್ನೂ ಎರಡನೆಯವನ ಮೀನಿನ ಪೆಟ್ಟಿಗೆಯನ್ನೂ ಕೂಡಿಸಿದರೆ ಜೌಗುಪೆಟ್ಟಿಗೆಯಾಯಿತು.

ನಮ್ಮ ಆಯುರ್ವೇದದವರು ಭೂಮಿಯನ್ನು ನೀರು ಹೆಚ್ಚಾದ ಅನೂಪ, ನೀರು ವಿರಳವಾದ ಜಾಂಗಲ, ಎರಡರ ನಡುವಣ ಸಾಧಾರಣ ಎಂದು ಮೂರಾಗಿ ವಿಂಗಡಿಸಿರುವರು. ಈ ವಿಭಾಗದ ಲಕ್ಷಣಗಳನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ಚನ್ನಗಿರಿಯ ಬಳಿ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿದ ಶಾಂತಿಸಾಗರ, ಅಂದರೆ ಸೂಳೆಕೆರೆ, ಇದೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ನ್ಯಾಮತಿಯ ಕಡೆ ತೀರ್ಥರಾಮೇಶ್ವರದ ಗುಡ್ಡದಲ್ಲಿ ಚಿಲುಮೆಯುಂಟು. ಜಗಳೂರಾದರೋ ಬರಕ್ಕೆ ಹೆಸರಾದ ಒಣಸೀಮೆ. ಕೆರೆಯಂಚನ್ನು ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿಯುತ್ತದೆ: ನಡುನೀರಿಗಿಂತ ನೀರೂ ನೆಲವೂ ಕೂಡುವ ಅಂಚಿನಲ್ಲಿಯೇ ಹುಲ್ಲು, ಹುಳು, ಕಪ್ಪೆ, ಕೊಕ್ಕರೆಗಳ ಸಂದಣಿ ಹೆಚ್ಚು. ಜೌಗುಪೆಟ್ಟಿಗೆಯು ಆ ಅಂಚಿನ ಪ್ರತಿಕೃತಿ. ಅದರ ಆಕರ್ಷಣೆಯೂ ಅದೇ, ಅದರ ಕಷ್ಟವೂ ಅದೇ.

ಕಷ್ಟವೇನೆಂಬುದನ್ನು ಲೆಕ್ಕದಿಂದ ತಿಳಿಯೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಪೆಟ್ಟಿಗೆಯು ಸುಮಾರು 56 ಲೀಟರು ನೀರನ್ನು ಹಿಡಿಯುತ್ತದೆ. ಅದನ್ನೇ ಜೌಗುಪೆಟ್ಟಿಗೆಯಾಗಿ ಮಾಡಿ ಮೂರರಲ್ಲೊಂದು ಪಾಲು ಮಾತ್ರ ನೀರು ತುಂಬಿದರೆ ಸುಮಾರು 19 ಲೀಟರು. ನೀರು ಕಡಮೆಯಾದರೆ ಶ್ರಮವೂ ಕಡಮೆಯೆಂದು ತೋರಬಹುದು, ವಸ್ತುಸ್ಥಿತಿ ಬೇರೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯ ಎಂಬ ವಿಷ ಹುಟ್ಟುತ್ತದೆ. ಮರಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಆಮೇಲೆ ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀರು ಹೆಚ್ಚಿದ್ದಷ್ಟೂ ವಿಷ ತೆಳುವಾಗುತ್ತದೆ, ಬಿಸಿಲಿನ ಕಾವು ನಿಧಾನವಾಗಿ ಏರುತ್ತದೆ. ನೀರು ಅಲ್ಪವಾದರೆ ಒಂದು ದಿನದ ಅಲಕ್ಷ್ಯವೇ ಮೀನುಗಳಿಗೆ ಮಾರಕವಾಗಬಹುದು. ಅಂಗಡಿಯ ಗುಂಡುಬೋಗುಣಿಯಲ್ಲಿ ಚಿನ್ನದ ಮೀನು ಬಾಳದಿರುವುದಕ್ಕೂ ಇದೇ ಕಾರಣ.

ಆದುದರಿಂದ ಮೊದಲ ಬಾರಿಗೆ ತೊಡಗುವವರಿಗೆ ತುಂಬುನೀರಿನ ಪೆಟ್ಟಿಗೆಯೇ ಲೇಸು. ವಾರಕ್ಕೊಮ್ಮೆ ನಾಲ್ಕರಲ್ಲೊಂದು ಪಾಲು, ಅಂದರೆ ಒಂದು ಬಿಂದಿಗೆಯಷ್ಟು, ನೀರನ್ನು ಬದಲಾಯಿಸಿದರೆ ಸಾಕು. ನಲ್ಲಿಯ ನೀರಾದರೆ ಕ್ಲೋರಿನ್ ಆರಿಹೋಗುವಂತೆ ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಆ ಪಾತ್ರೆ ತಾಮ್ರದ್ದಾಗಿರಕೂಡದು. ಮನುಷ್ಯರಿಗೆ ಹಿತವೆಂದು ನಾವು ತಾಮ್ರದ ಚೆಂಬಿನಲ್ಲಿ ನೀರಿಡುತ್ತೇವೆ, ಮೀನಿಗೂ ಬಸವನಹುಳುವಿಗೂ ತಾಮ್ರದ ಅಲ್ಪಾಂಶವೂ ಕೇಡು. ಆಹಾರವನ್ನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕತಕ್ಕದ್ದು.

ಜಗಳೂರಿನ ಕಡೆಯ ಗೃಹಿಣಿಯರು, ‘ಕುಡಿಯುವ ನೀರಿಗೇ ಪರದಾಡುವಾಗ ಮೀನಿಗೆಲ್ಲಿಂದ ತರೋಣ?’ ಎಂದು ಕೇಳಬಹುದು. ನ್ಯಾಯವಾದ ಮಾತು. ಆದರೆ ತೆಗೆದ ನೀರು ವ್ಯರ್ಥವಲ್ಲ. ನೈಟ್ರೇಟು ಕೂಡಿದ ಅದು ತುಳಸಿಗೂ ಕರಿಬೇವಿಗೂ ಒಳ್ಳೆಯ ಗೊಬ್ಬರ. ಕೊಳವೆಬಾವಿಯ ಗಡಸುನೀರಿಗೆ ಗಪ್ಪಿ, ಮೋಲಿಗಳು ಚೆನ್ನಾಗಿ ಒಗ್ಗುತ್ತವೆ. ಆ ಒಂದು ಬಿಂದಿಗೆಯೂ ಭಾರವಾಗುವ ಮನೆಯಲ್ಲಿ ಮೀನಿನ ಆಸೆಯನ್ನು ಬಿಟ್ಟು, ವಾರ್ಡನ ಮಾರ್ಗವನ್ನು ಹಿಡಿದು, ಗಿಡಗಳ ಪೆಟ್ಟಿಗೆಯನ್ನು ಮಾತ್ರ ಬೆಳೆಸುವುದು ಮೇಲು.

ವರುಷವೊಂದು ಮೀನುಗಳನ್ನು ಸಾಕಿ ಅನುಭವ ಪಡೆದವರು, ಅದರಲ್ಲಿಯೂ ಗಿಡಗಳ ಮೇಲೆ ಮಮತೆಯುಳ್ಳವರು, ಜೌಗುಪೆಟ್ಟಿಗೆಗೆ ಕೈಹಾಕಬಹುದು. ಅದಕ್ಕೆ ದೊಡ್ಡ ಪೆಟ್ಟಿಗೆಯನ್ನೇ ಆರಿಸಬೇಕು. ನೆಲದ ಭಾಗಕ್ಕೆ ಅಡಿಯಲ್ಲಿ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ಗೊಬ್ಬರ ಬೆರೆಸದ ಮಣ್ಣು ಇರಬೇಕು. ಗೊಬ್ಬರದ ಸಾರ ನೀರಿಗಿಳಿದರೆ ಮೀನುಗಳಿಗೆ ಅಪಾಯ. ಒಂದೆಲಗ, ಬಜೆ, ಜರಿಗಿಡಗಳು ತಂಪುನೆಲದಲ್ಲಿ ಸೊಗಸಾಗಿ ಬೆಳೆಯುತ್ತವೆ. ನೀರಿನ ಭಾಗಕ್ಕೆ ನಾಲ್ಕಾರು ಗಪ್ಪಿಗಳು ಸಾಕು. ಸೊಳ್ಳೆಯ ಮರಿಗಳನ್ನು ಅವೇ ತಿಂದುಬಿಡುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೀರು-ನೆಲ ಎರಡೂ ಇರುವ ಪೆಟ್ಟಿಗೆಯನ್ನು ಕಂಡೊಡನೆ ಮಕ್ಕಳಿಗೆ ಕೆರೆಯ ಆಮೆಯನ್ನು ಹಿಡಿದು ತರುವ ಮನಸ್ಸಾಗುವುದು ಸಹಜ. ನಮ್ಮ ಕೆರೆಯ ಆಮೆಯೂ ನಕ್ಷತ್ರದ ಆಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಳಪಟ್ಟವು. ಅವನ್ನು ಮನೆಯಲ್ಲಿಡುವುದು ಅಪರಾಧ. ಕಪ್ಪೆಯನ್ನೂ ಅದರ ಅಂಚಿನಲ್ಲಿಯೇ ಬಿಟ್ಟು ನೋಡುವುದು ಒಳಿತು. ಇದಕ್ಕೆ ಪ್ರತಿಯಾಗಿ, ಬೇಸರವಾಯಿತೆಂದು ಪೆಟ್ಟಿಗೆಯ ವಿದೇಶೀ ಮೀನುಗಳನ್ನು ಸೂಳೆಕೆರೆಗೋ ತುಂಗಭದ್ರೆಗೋ ಬಿಡುವುದು ಪುಣ್ಯಕಾರ್ಯವಲ್ಲ. ಅವು ಅಲ್ಲಿ ಹೆಚ್ಚಿದರೆ ಊರ ಮೀನುಗಳ ಆಹಾರವನ್ನೂ ಮೊಟ್ಟೆಗಳನ್ನೂ ಕಬಳಿಸುತ್ತವೆ. ಮೀನುಗಾರರ ಅನ್ನಕ್ಕೂ ಕುತ್ತು ತರುತ್ತವೆ. ಸಾಕಲಾಗದವರು ಅಂಗಡಿಗೆ ಹಿಂದಿರುಗಿಸಲಿ, ಇಲ್ಲವೆ ಸಾಕಬಲ್ಲವರಿಗೆ ಕೊಡಲಿ.

ಒಟ್ಟಿನಲ್ಲಿ, ಪೆಟ್ಟಿಗೆಯನ್ನು ಆರಿಸುವ ಮೊದಲು ಮನೆಯಲ್ಲಿ ನೀರೆಷ್ಟು, ಬಿಡುವೆಷ್ಟು, ತಾಳ್ಮೆಯೆಷ್ಟು ಎಂಬುದನ್ನು ಅಳೆದುಕೊಳ್ಳಬೇಕು. ಕಾಡಿ ಬೇಡುವ ಮಗುವಿಗೆ ಮೊದಲು ನೀರು ತುಂಬಿದ ಬರಿಯ ಪೆಟ್ಟಿಗೆಯನ್ನು ಕೊಟ್ಟು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಅದರಲ್ಲಿ ಹಾಕುತ್ತ ಆರು ವಾರ ಕಾಯಿಸಿರಿ. ಆ ಅವಧಿಯಲ್ಲಿ ನೀರೂ ಹದಕ್ಕೆ ಬರುತ್ತದೆ, ಮಗುವಿನ ಆಸೆಯ ನಿಜವೂ ತಿಳಿಯುತ್ತದೆ.