ರದ್ದಿ ಕಾಗದದ ಇಟ್ಟಿಗೆ ಎಲ್ಲಿಗೆ ಸಲ್ಲುತ್ತದೆ?

ಹಳೆಯ ಪತ್ರಿಕೆಗಳನ್ನು ನೆನೆಹಾಕಿ ಅರೆದು, ಆ ಮುದ್ದೆಗೆ ಸಿಮೆಂಟು, ಒಂದಿಷ್ಟು ಮರಳು ಬೆರೆಸಿ ಅಚ್ಚಿಗೆ ಸುರಿದು ಒಣಗಿಸಿದರೆ ಅದೇ ಪೇಪರ್‌ಕ್ರೀಟ್. ಕಾಗದದ ಮುದ್ದೆ ನಮಗೇನೂ ಹೊಸದಲ್ಲ. ಮೆಂತ್ಯ ಸೇರಿಸಿ ರುಬ್ಬಿ ಮೊರ, ಬುಟ್ಟಿಗಳಿಗೆ ಬಳಿಯುವುದು ಹಳ್ಳಿಮನೆಗಳ ರೂಢಿ. ಅದರಿಂದ ಗೋಡೆಯನ್ನೇ ಎಬ್ಬಿಸಿ ಹೆಸರು ಮಾಡಿದವರು ಮಾತ್ರ ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ತಮ್ಮ ಮನೆ ತಾವೇ ಕಟ್ಟಿಕೊಳ್ಳುತ್ತಿದ್ದ ಎರಿಕ್ ಪ್ಯಾಟರ್ಸನ್, ಮೈಕ್ ಮೆಕ್ಕೇನ್‌ರಂಥವರು. ಕಾರಿನ ಹಳೆಯ ಆ್ಯಕ್ಸಲ್‌ಗೆ ತೊಟ್ಟಿ ಕೂರಿಸಿ, ಅದರ ತಳದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಅಲಗು ತಿರುಗುವಂತೆ ಮಾಡಿ, ವಾಹನದ ಹಿಂದೆ ಎಳೆದುಕೊಂಡು ಹೋಗುವುದೇ ಅವರ ಮಿಕ್ಸರ್. ಇಷ್ಟು ಸರಳವಾದದ್ದು ಇಲ್ಲೇಕೆ ಹಬ್ಬಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಊರುಗಳಲ್ಲೇ ಇದೆ: ಅಲ್ಲಿ ಮಳೆ ಕಡಿಮೆ, ಕಾಗದ ಪುಕ್ಕಟೆ, ದುಡಿಮೆ ಸ್ವಂತದ್ದು. ನಮ್ಮಲ್ಲಿ ರದ್ದಿಗೆ ಕೆ.ಜಿ. ಲೆಕ್ಕದಲ್ಲಿ ಬೆಲೆಯಿದೆ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಮಳೆಯಿದೆ, ಕೂಲಿಯಂತೂ ಇದ್ದೇ ಇದೆ. ‘ಅಗ್ಗ’ ಎನ್ನುವಾಗ ಈ ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಈ ಇಟ್ಟಿಗೆಯ ಗುಣ, ದೋಷ ಎರಡಕ್ಕೂ ಮೂಲ ಒಂದೇ. ಒಣಗುವಾಗ ನೀರು ಹೊರಟುಹೋದ ಜಾಗದಲ್ಲಿ, ಕಾಗದದ ನಾರುಗಳ ನಡುವೆ ಗಾಳಿ ತುಂಬಿಕೊಳ್ಳುತ್ತದೆ. ಹಾಗಾಗಿಯೇ ಅದು ಹಗುರ. ಗರಗಸಕ್ಕೆ ಸಿಗುತ್ತದೆ, ಬಿಸಿಲಿನ ಕಾವನ್ನು ತಡೆಯುತ್ತದೆ. ಅದೇ ರಂಧ್ರಗಳು ನೀರನ್ನೂ ಹೀರುತ್ತವೆ. ಒದ್ದೆಯಾಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಭಾರ ಬಿದ್ದರೆ ಬಿರಿಯುವುದಕ್ಕಿಂತ ಮೆಲ್ಲಗೆ ಕುಗ್ಗುತ್ತದೆ. ಸಿಮೆಂಟು ಹೆಚ್ಚಿಸಿದರಾಯಿತು ಎನ್ನುವವರಿದ್ದಾರೆ. ಹೆಚ್ಚಿಸಿದಷ್ಟೂ ಬಲ ಬರುತ್ತದೆ ನಿಜ, ಆದರೆ ಖರ್ಚೂ ತೂಕವೂ ಏರಿ, ಕಾವು ತಡೆಯುವ ಗುಣ ಇಳಿಯುತ್ತದೆ. ತೀರಾ ಕಡಿಮೆ ಮಾಡಿದರೆ ಬೆಂಕಿ ತಗುಲಿದಾಗ ಉರಿ ಕಾಣದಿದ್ದರೂ ಒಳಗೊಳಗೇ ಹೊಗೆಯಾಡುತ್ತದೆ. ಭಾರ ಹೊರುವ ಗೋಡೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ರೂಪಿಸಿದ, ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯೇ ವಾಸಿ.

ಹಾಗಂತ ಪೇಪರ್‌ಕ್ರೀಟನ್ನು ತಳ್ಳಿಹಾಕಬೇಕಿಲ್ಲ. ಕಂಬ, ತೊಲೆ ಭಾರ ಹೊತ್ತಿರುವ ಮನೆಯಲ್ಲಿ ನಡುವಿನ ಜಾಗ ತುಂಬಲು ಅದು ಸಾಕು. ವಿಜಯಪುರ, ಕಲಬುರಗಿಯ ಬಿಸಿಲಿಗೆ ಕಾಯುವ ಪಡುವಣ ಗೋಡೆಯ ಒಳಮೈಗೆ ಹಲಗೆಯಾಗಿ ಕೂರಿಸಿ ಮೇಲೆ ಗಿಲಾವು ಮಾಡಬಹುದು. ಅಲ್ಲೂ ನೆಲದಿಂದ ತುಸು ಎತ್ತರದಲ್ಲೇ ಶುರುಮಾಡಬೇಕು. ತೇವದ ಜೊತೆಗೆ ಗೆದ್ದಲೂ ಏರುವುದು ಕೆಳಗಿನಿಂದಲೇ.