ಮಕ್ಕಳ ರಕ್ಷಣೆ: ಕರುಣೆಯಷ್ಟೇ ಸಾಲದು, ತರಬೇತಿಯೂ ಬೇಕು

ಐವರ್ನಾಡು: ಸುಳ್ಯ ತಾಲೂಕಿನ ಈ ಗ್ರಾಮದಲ್ಲಿ ಹೆತ್ತವರಿಂದ ಬೇರ್ಪಟ್ಟ ಮಗುವೊಂದು ಕಂಡುಬಂದಿತೆನ್ನಿ. ಊರವರು ಅನ್ನ ನೀಡಿ ಸಂತೈಸುತ್ತಾರೆ. ಬೆಳ್ಳಾರೆ ಪೊಲೀಸ್ ಠಾಣೆಗೋ, 1098 ಮಕ್ಕಳ ಸಹಾಯವಾಣಿಗೋ ವಿಷಯ ತಿಳಿಸುತ್ತಾರೆ. ಆದರೆ ಆ ಮಗು ಮರಳಿ ತಾಯಿಯ ಮಡಿಲು ಸೇರಬೇಕೇ, ಬಂಧುಗಳ ಮನೆಗೆ ಹೋಗಬೇಕೇ ಅಥವಾ ಬಾಲಮಂದಿರಕ್ಕೇ ಎಂಬ ತೀರ್ಮಾನ ಬಹುಮಟ್ಟಿಗೆ ಒಂದು ಲಿಖಿತ ವರದಿಯನ್ನು ಅವಲಂಬಿಸಿರುತ್ತದೆ. ಆ ವರದಿಯನ್ನು ಸಿದ್ಧಪಡಿಸುವವರು ಯಾರು? ಅವರು ಏನನ್ನು ಕಲಿತಿರಬೇಕು?

ಕಾನೂನು ಹೇಳುವುದೇನು?

2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ ಕಾಯ್ದೆಯಂತೆ, ರಕ್ಷಣೆ ಅಗತ್ಯವಿರುವ ಮಗುವನ್ನು ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯ ಸಭೆ ಇಲ್ಲದ ಹೊತ್ತಿನಲ್ಲಿ ಸದಸ್ಯರೊಬ್ಬರ ಮುಂದೆ ಹಾಜರುಪಡಿಸುವುದಕ್ಕೂ ಅವಕಾಶವಿದೆ. ಸುಳ್ಯದಿಂದ ಜಿಲ್ಲಾ ಕೇಂದ್ರ ಮಂಗಳೂರಿಗೆ 80 ಕಿ.ಮೀ.ಗೂ ಮಿಗಿಲಾದ ದೂರವಿರುವುದರಿಂದ ಈ ಅವಕಾಶ ಇಲ್ಲಿನವರಿಗೆ ಮುಖ್ಯವಾದುದು.

ಅನಂತರ ಸಾಮಾಜಿಕ ತನಿಖೆ ಆರಂಭವಾಗುತ್ತದೆ. ಮಗುವಿನ ಮನೆ, ಆದಾಯ, ಶಾಲೆ, ಆರೋಗ್ಯ, ನೆರೆಹೊರೆಯನ್ನು ಕಂಡು ಅರಿತು 15 ದಿನಗಳೊಳಗೆ ತನಿಖೆ ಮುಗಿಸಬೇಕು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಆಯ್ಕೆಯಾಗಿರಬೇಕೆಂಬುದು ಕಾಯ್ದೆಯ ಮೂಲತತ್ತ್ವಗಳಲ್ಲೊಂದು. ಬಡತನವನ್ನೇ ನಿರ್ಲಕ್ಷ್ಯವೆಂದು ಬಗೆದು ವರದಿ ಬರೆದರೆ, ಪ್ರೀತಿಸುವ ತಾಯಿಯಿರುವ ಮಗುವೂ ಮನೆ ಕಳೆದುಕೊಳ್ಳಬಹುದು. ತರಬೇತಿ ಪಡೆದವರು ಇಲ್ಲಿ ಬೇರೊಂದು ದಾರಿಯನ್ನು ಕಾಣುತ್ತಾರೆ. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂ. ನೆರವು ಲಭ್ಯವಿದೆ. ವಿಧವೆಯ ಮಕ್ಕಳು, ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳು ಮುಂತಾದವರಿಗಾಗಿ ಇರುವ ಈ ಸೌಲಭ್ಯಕ್ಕೆ ಗ್ರಾಮೀಣ ಕುಟುಂಬಗಳ ವಾರ್ಷಿಕ ಆದಾಯ ಮಿತಿ 72,000 ರೂ. ಮಗುವನ್ನು ಮನೆಯಲ್ಲೇ ಉಳಿಸುವ ಈ ಶಿಫಾರಸು ಕೂಡ ಆ ವರದಿಯಿಂದಲೇ ಹೊರಡಬೇಕು.

ಯಾವ ಹುದ್ದೆಗೆ ಯಾವ ಓದು?

ಪ್ರತಿ ಜಿಲ್ಲೆಯಲ್ಲಿಯೂ ಮಕ್ಕಳ ರಕ್ಷಣಾ ಘಟಕವಿರುತ್ತದೆ. ಅದರ ರಕ್ಷಣಾಧಿಕಾರಿ ಹುದ್ದೆಗೆ ಸಮಾಜಕಾರ್ಯ, ಸಮಾಜಶಾಸ್ತ್ರ, ಮನಃಶಾಸ್ತ್ರದಂತಹ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಅಥವಾ ಪದವಿಯೊಂದಿಗೆ ಅನುಭವ ಅಗತ್ಯ. ಕಾನೂನು ಮತ್ತು ಪರಿವೀಕ್ಷಣಾಧಿಕಾರಿಗೆ ಕಾನೂನು ಪದವಿ ಬೇಕು. ಆಪ್ತ ಸಮಾಲೋಚಕ, ಸಮಾಜಕಾರ್ಯಕರ್ತ ಹುದ್ದೆಗಳೂ ಇವೆ. ಪಿಯುಸಿ ಮುಗಿಸಿದವರಿಗೆ ಕ್ಷೇತ್ರ ಕಾರ್ಯಕರ್ತರಾಗಲು ಅವಕಾಶವಿದೆ.

ಬಾಲನ್ಯಾಯ ಮಂಡಳಿಯಲ್ಲಿ ನ್ಯಾಯಾಧೀಶರ ಜತೆ ಇಬ್ಬರು ಸಮಾಜಕಾರ್ಯಕರ್ತರು ಕುಳಿತುಕೊಳ್ಳುತ್ತಾರೆ, ಅವರಲ್ಲೊಬ್ಬರು ಮಹಿಳೆಯಾಗಿರಲೇಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ ಠಾಣೆಯಿಂದ ನ್ಯಾಯಾಲಯದವರೆಗೆ ಮಗುವಿನ ಜತೆಗಿದ್ದು ಧೈರ್ಯ ತುಂಬುವ ಬೆಂಬಲ ವ್ಯಕ್ತಿಯ ನೇಮಕಕ್ಕೂ ನಿಯಮವಿದೆ.

ಎಲ್ಲಿ ಕಲಿಯಬಹುದು?

ಕರಾವಳಿಗೆ ಸಮಾಜಕಾರ್ಯ ಶಿಕ್ಷಣ ಹೊಸತಲ್ಲ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವುದಕ್ಕೆ ಎರಡು ದಶಕ ಮೊದಲೇ, 1960ರಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯ ಶಾಲೆ ತಲೆಯೆತ್ತಿತ್ತು. ಇಂದು ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿಯೂ ಎರಡು ವರ್ಷಗಳ ಎಂ.ಎಸ್.ಡಬ್ಲ್ಯು. ಶಿಕ್ಷಣವಿದೆ. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜಿನಲ್ಲಿಯೂ ಸಮಾಜಕಾರ್ಯ ವಿಭಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಕ್ಕಳ ಹಕ್ಕುಗಳ ಕಾನೂನಿನ ಅಧ್ಯಯನದಲ್ಲಿ ಹೆಸರು ಮಾಡಿದ್ದರೆ, ನಿಮ್ಹಾನ್ಸ್ ಸಂಸ್ಥೆಯು ಮಕ್ಕಳ ಮಾನಸಿಕ ಆರೋಗ್ಯದ ತರಬೇತಿಯಲ್ಲಿ ಮುಂಚೂಣಿಯಲ್ಲಿದೆ.

ಕ್ಷೇತ್ರಕಾರ್ಯವೇ ಪಾಠಶಾಲೆ

ಈ ಶಿಕ್ಷಣದ ಜೀವಾಳ ಕ್ಷೇತ್ರಕಾರ್ಯ. ತರಗತಿಯ ಪಾಠದ ಜತೆಗೆ ವಿದ್ಯಾರ್ಥಿಗಳು ಹಳ್ಳಿ, ಆಸ್ಪತ್ರೆ, ಬಾಲಮಂದಿರಗಳಲ್ಲಿ ದುಡಿದು, ಪ್ರತಿ ಭೇಟಿಯ ವರದಿ ಬರೆದು ಮಾರ್ಗದರ್ಶಕರಿಗೆ ಒಪ್ಪಿಸಬೇಕು. ಇಂತಹ ಕಾರ್ಯದ ಫಲಕ್ಕೆ 1098 ಸಹಾಯವಾಣಿಯೇ ನಿದರ್ಶನ. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಹುಟ್ಟಿದ ಅದು ದೇಶವ್ಯಾಪಿಯಾಗಿ ಬೆಳೆಯಿತು. 2023ರಲ್ಲಿ ಅದರ ನಿರ್ವಹಣೆ ಸರಕಾರದ ಕೈಗೆ ಬಂದು, 112 ತುರ್ತು ಸೇವೆಯೊಂದಿಗೆ ಜೋಡಣೆಗೊಂಡಿತು.

ಕ್ಷೇತ್ರದಲ್ಲಿ ಮೊದಲು ಎದುರಾಗುವುದು ಭಾಷೆ. ಸುಳ್ಯದ ಮನೆಗಳಲ್ಲಿ ತುಳು, ಅರೆಭಾಷೆ, ಕನ್ನಡ, ಮಲಯಾಳ ಕೇಳಿಬರುತ್ತವೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ಕುಟುಂಬಗಳ ಮನೆಮಾತು ತಮಿಳು. ನೊಂದ ಮಗು ಮನಸ್ಸು ಬಿಚ್ಚುವುದು ತನ್ನ ಮನೆಮಾತಿನಲ್ಲೇ.

ಎರಡನೆಯದು ಗೋಪ್ಯತೆ. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ ಅಂಗಳಕ್ಕೆ ಜೀಪು ಬಂದು ನಿಂತರೆ ಸಾಕು, ಸುದ್ದಿ ಹಬ್ಬುತ್ತದೆ. ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಯಾರೊಡನೆ, ಎಲ್ಲಿ ಕುಳಿತು, ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಕೇಳಬಾರದು ಎಂಬ ವಿವೇಕ ಅಭ್ಯಾಸದಿಂದ ಬರುವಂಥದ್ದು.

ಗುತ್ತಿಗೆಯ ತೊಡಕು

ರಕ್ಷಣಾ ಘಟಕಗಳ ಹೆಚ್ಚಿನ ಹುದ್ದೆಗಳು ಗುತ್ತಿಗೆ ಆಧಾರದವು. ಕಾರ್ಯಕರ್ತರು ಬದಲಾದಾಗಲೆಲ್ಲ ಮಗು ತನ್ನ ನೋವಿನ ಕಥೆಯನ್ನು ಹೊಸಬರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ. ಪದವಿ ನೀಡುವುದಷ್ಟೇ ಅಲ್ಲದೆ, ಪದವೀಧರರು ಈ ವೃತ್ತಿಯಲ್ಲಿ ನೆಲೆಯೂರುವಂತೆ ಮಾಡುವುದೂ ಅಷ್ಟೇ ಮುಖ್ಯ.

ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಯುವಜನರಿಗೆ ಈ ಭಾಗದ ಭಾಷೆ, ತೋಟ, ದಾರಿಗಳೆಲ್ಲ ಪರಿಚಿತ. ಅದಕ್ಕೆ ವಿಶ್ವವಿದ್ಯಾನಿಲಯದ ಶಿಸ್ತು ಸೇರಿದರೆ, ಗ್ರಾಮ ಪಂಚಾಯತ್‌ಗಳ ಮಕ್ಕಳ ಗ್ರಾಮಸಭೆಗಳಲ್ಲಿ ಕೇಳಿಬರುವ ಅಳುಕಿನ ದನಿಯೊಂದನ್ನು ಗುರುತಿಸಬಲ್ಲ ಕಿವಿಗಳು ಊರಿನಲ್ಲೇ ಸಿದ್ಧವಾದಾವು.