ಹೆತ್ತವರು ಊರಿನವರು, ಲೆಕ್ಕ ಪೇಟೆಯದು

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹೆಸರಿನಲ್ಲೇ ತೂಬೂ ಇದೆ, ಕೆರೆಯೂ ಇದೆ. ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಅವನ ಅಳತೆ ತೂಬಿನ ಬಳಿ, ಎಲ್ಲರ ಕಣ್ಣೆದುರು. ಊರಿನ ಆರೋಗ್ಯ ಅಳೆಯುವ ಕೆಲಸ ಇಂದು ಗ್ರಾಮ ಪಂಚಾಯಿತಿಯ ಪಾಲಿಗೂ ಬಂದಿದೆ. ಆದರೆ ಕಳೆದ ವರ್ಷ ಊರಿನಲ್ಲಿ ಎಷ್ಟು ಮಕ್ಕಳು ಹುಟ್ಟಿದರು ಎಂಬ ಪ್ರಶ್ನೆಗೇ ಅಲ್ಲಿ ನೇರ ಉತ್ತರ ಸಿಗುವುದು ಕಷ್ಟ.

ದಾಖಲೆ ಇಲ್ಲವೆಂದಲ್ಲ, ಅದು ಬೇರೆ ಕಡೆ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ಸೂಲಗಿತ್ತಿ ಮನೆಗೆ ಬರುತ್ತಿದ್ದ ಕಾಲದಲ್ಲಿ ಹುಟ್ಟಿದ ಊರು, ತಾಯಿಯ ಊರು (ಹೆಚ್ಚೆಂದರೆ ತವರೂರು) ಒಂದೇ ಆಗಿರುತ್ತಿತ್ತು. ಈಗ ಹೆರಿಗೆ ದೊಡ್ಡಬಳ್ಳಾಪುರದಲ್ಲೋ ಬೆಂಗಳೂರಿನ ವಾಣಿ ವಿಲಾಸದಲ್ಲೋ ಆಗುತ್ತದೆ. ಹೆಸರು ಅಲ್ಲಿಯ ಪುಸ್ತಕಕ್ಕೆ ಸೇರುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡವರದೂ ಇದೇ ಕಥೆ. ಅಂದರೆ ಆರೋಗ್ಯ ಸುಧಾರಿಸಿದಷ್ಟೂ ಊರಿನ ಪುಸ್ತಕ ಬರಿದಾಗುತ್ತದೆ!

ಲೆಕ್ಕದ ಈ ತೊಡಕು ಹೊಸದೇನಲ್ಲ. ಮೈಸೂರು ಸಂಸ್ಥಾನವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ಹಳ್ಳಿಗಳ ಆರೋಗ್ಯವನ್ನು ಒಂದು ಕೇಂದ್ರದಿಂದ ನೋಡಿಕೊಳ್ಳುವ ಪ್ರಯೋಗ ಅದು. ಸ್ವಾತಂತ್ರ್ಯಾನಂತರ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದಾಗ ಕಚೇರಿಯ ಪುಸ್ತಕವನ್ನಷ್ಟೇ ನಂಬಿ ಕೂರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸಿದರು.

ಇಂದಿಗೂ ಮನೆಮನೆ ಸುತ್ತುವವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಯಾವ ಮನೆಯ ಸೊಸೆಗೆ ಎಷ್ಟನೆಯ ತಿಂಗಳು, ಯಾರು ಬಾಣಂತನಕ್ಕೆ ತವರಿಗೆ ಹೋಗಿದ್ದಾರೆ ಎಂಬುದು ಅವರಿಗೆ ಗೊತ್ತು. ಅವರ ಪುಸ್ತಕ ಮನೆಯನ್ನು ಹಿಡಿದು ನಡೆಯುತ್ತದೆ, ಆಸ್ಪತ್ರೆಯನ್ನಲ್ಲ. ಆದರೆ ಆ ಲೆಕ್ಕ ಒಂದು ಕಡೆ ಆರೋಗ್ಯ ಇಲಾಖೆಗೆ, ಇನ್ನೊಂದು ಕಡೆ ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಮೇಲೇರಿ ಹೋಗುತ್ತದೆ. ಪಕ್ಕದಲ್ಲೇ ಇರುವ ಪಂಚಾಯಿತಿ ಕಟ್ಟೆಯ ಮೇಲೆ ಅದು ಚರ್ಚೆಗೆ ಬರುವುದು ಅಪರೂಪ.

ಲೆಕ್ಕ ಕೈಗೆ ಸಿಕ್ಕರೂ ಅದನ್ನು ಓದುವುದು ನಾಜೂಕಿನ ಕೆಲಸ. ಆರು ಸಾವಿರ ಜನರ ಒಂದು ಪಂಚಾಯಿತಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು ನೂರು ಹೆರಿಗೆ. ಒಂದು ಕೂಸು ಹೋದರೆ ಶಿಶುಮರಣ ದರ ಸಾವಿರಕ್ಕೆ 10, ಎರಡು ಹೋದರೆ 20. 2020ರಲ್ಲಿ ಕರ್ನಾಟಕದ ದರ 19 ಇತ್ತು. ಒಂದೇ ಮನೆಯ ದುಃಖ ಇಡೀ ಊರನ್ನು ರಾಜ್ಯಕ್ಕಿಂತ ಮುಂದೆಯೋ ಹಿಂದೆಯೋ ನಿಲ್ಲಿಸಿಬಿಡುತ್ತದೆ. ಹಳ್ಳಿಯ ಮಟ್ಟದಲ್ಲಿ ದರಕ್ಕಿಂತ, ಆ ಕೂಸು ಏಕೆ ಹೋಯಿತು ಎಂಬ ವಿಚಾರಣೆಯೇ ಹೆಚ್ಚು ಉಪಯೋಗದ್ದು.

ಹಾಗಿದ್ದೂ ಅಂಕ ಕೊಡುವ ಉತ್ಸಾಹ ಕಡಿಮೆಯಾಗಿಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2022-23ರ ಮಾಹಿತಿಯ ಮೇಲೆ ತಯಾರಿಸಿದ ಪಂಚಾಯಿತಿ ಪ್ರಗತಿ ಸೂಚ್ಯಂಕವನ್ನು 2025ರಲ್ಲಿ ಹೊರತಂದಿತು. ಒಂಬತ್ತು ವಿಷಯ, 435 ಸೂಚಕಗಳು. ಆರೋಗ್ಯವಂತ ಪಂಚಾಯಿತಿ, ಮಕ್ಕಳಸ್ನೇಹಿ ಪಂಚಾಯಿತಿ, ಸಾಮಾಜಿಕ ಸುರಕ್ಷತೆ ಎಲ್ಲಕ್ಕೂ ಬೇರೆ ಬೇರೆ ಅಂಕ. ಲೆಕ್ಕಕ್ಕೆ ಸಿಕ್ಕ ಸುಮಾರು 2.16 ಲಕ್ಷ ಪಂಚಾಯಿತಿಗಳಲ್ಲಿ 90ರ ಮೇಲೆ ಅಂಕ ಪಡೆದದ್ದು ಒಂದೂ ಇಲ್ಲ. ಪರೀಕ್ಷೆ ಬಿಗಿಯಾಗಿತ್ತು ಎಂದು ಸಮಾಧಾನ ಪಡಬಹುದು. ಆದರೆ ಅಂಕಕ್ಕೆ ಬೇಕಾದ ಮಾಹಿತಿ ತುಂಬುವವರು ಆಯಾ ಊರಿನ, ಆಯಾ ಇಲಾಖೆಯ ಸಿಬ್ಬಂದಿಯೇ ಎಂಬುದನ್ನು ಮರೆಯಬಾರದು.

ಅಂಗನವಾಡಿಯ ತಕ್ಕಡಿಯನ್ನೇ ನೋಡಿ. ಮಗುವನ್ನು ಸರಿಯಾಗಿ ತೂಗಿ, ಎತ್ತರ ಸರಿಯಾಗಿ ಅಳೆದು, ಹಸಿರು ಪಟ್ಟಿಯಿಂದ ಹಳದಿಗೆ ಇಳಿದಿದೆ ಎಂದು ಬರೆದ ಕಾರ್ಯಕರ್ತೆಯ ಕೇಂದ್ರ ಕಾಗದದ ಮೇಲೆ ಹಿಂದೆ ಬೀಳುತ್ತದೆ. ಕಣ್ಣಂದಾಜಿನಲ್ಲಿ ಎಲ್ಲವನ್ನೂ ಹಸಿರು ಮಾಡಿದರೆ ಮುಂದೆ. ಪ್ರಾಮಾಣಿಕ ಅಳತೆಗೆ ಛೀಮಾರಿ ಸಿಗುವ ಕಡೆ ತಕ್ಕಡಿ ಎಷ್ಟು ಒಳ್ಳೆಯದಿದ್ದರೇನು?

ಹೊರಗಿನವರು ಬಂದು ಅಳೆದಾಗ ಚಿತ್ರ ಬೇರೆಯಾಗುವುದುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಕರ್ನಾಟಕದಲ್ಲಿ 2019-20ರಲ್ಲಿ ನಡೆಯಿತು. ಆಸ್ಪತ್ರೆಯ ಹೆರಿಗೆ ಶೇ 97ಕ್ಕೆ ಏರಿತ್ತು. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಹಿಂದಿನ ಸುತ್ತಿನ ಶೇ 36.2ರಿಂದ 35.4ಕ್ಕೆ ಮಾತ್ರ ಇಳಿದಿದ್ದರು. ರಕ್ತಹೀನತೆಯ ಮಕ್ಕಳು ಶೇ 60.9ರಿಂದ 65.5ಕ್ಕೆ ಹೆಚ್ಚಿದ್ದರು. ಹೆರಿಗೆಯನ್ನು ಆಸ್ಪತ್ರೆಗೆ ತರುವುದು ಒಂದು ದಿನದ ಕೆಲಸ. ಮಗುವಿನ ತಟ್ಟೆಯಲ್ಲಿ ಮುದ್ದೆಯ ಜೊತೆ ಕಾಳು, ಸೊಪ್ಪು, ಮೊಟ್ಟೆ ಇರುವಂತೆ ಮಾಡುವುದು ಸಾವಿರ ದಿನಗಳದು.

ವೃದ್ಧರ ವಿಷಯಕ್ಕೆ ಬಂದರೆ ಅಳತೆಗೋಲು ಇನ್ನೂ ಗಿಡ್ಡ. 2007ರಲ್ಲಿ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂತು. ಎಷ್ಟು ಜನರಿಗೆ ಹಣ ಸಂದಾಯವಾಯಿತು ಎಂಬ ಲೆಕ್ಕ ಸಿಗುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಅಜ್ಜಿಗೆ ಬಿಸಿನೀರು ಕಾಯಿಸಿಕೊಡುವವರು ಯಾರು, ಬಿ.ಪಿ. ಮಾತ್ರೆ ಮುಗಿದಾಗ ತರುವವರು ಯಾರು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಅಂಗವಿಕಲರ ವಿಷಯದಲ್ಲಿ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದರೂ ಇದ್ದಾರೆ. ಮನೆ, ಹೆಸರು ಅವರಿಗೆ ಗೊತ್ತಿರುತ್ತದೆ.

ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಚರಂಡಿ, ಮನೆ ಹಂಚಿಕೆಯ ಗದ್ದಲ ಮುಗಿಯುವ ಮೊದಲೇ ಆಶಾ ಕಾರ್ಯಕರ್ತೆಗೆ ಹತ್ತು ನಿಮಿಷ ಕೊಟ್ಟು, ಮನೆಗಳ ಹೆಸರು ಹೇಳಿಸದೆ, ಪುಸ್ತಕದಲ್ಲಿರುವ ನಾಲ್ಕು ಲೆಕ್ಕಗಳನ್ನು ಓದಿಸಬಹುದು: ಈ ಆರು ತಿಂಗಳಲ್ಲಿ ಊರಿನ ತಾಯಂದಿರಿಗೆ ಹುಟ್ಟಿದ ಮಕ್ಕಳೆಷ್ಟು, ಉಳಿದವೆಷ್ಟು, ತೂಕ ಇಳಿದವೆಷ್ಟು, ಒಂಟಿಯಾಗಿರುವ ಮುದುಕರೆಷ್ಟು. ಇದಕ್ಕೆ ಹೊಸ ಯೋಜನೆಯಾಗಲಿ ಮೇಲಿನ ಆದೇಶವಾಗಲಿ ಬೇಕಿಲ್ಲ. ಅಧ್ಯಕ್ಷರು ಕೇಳಿದರೆ ಸಾಕು.